ಏಳದ ಹೊಗೆಗೆ ಸಾಕ್ಷಿ

ಮನೆಯಿಂದ
ತಾರೀಖು ಹನ್ನೊಂದು, ಶನಿವಾರ, ಮಧ್ಯಾಹ್ನದ ಊಟದ ತರುವಾಯ

ಪ್ರೀತಿಯ ಇವಳೇ,

ಮದುವೆಯಾದಂದಿನಿಂದ ನಿನ್ನನ್ನು ಹೀಗೆಯೇ ಕರೆದವನು ನಾನು. ಕಾಗದದ ಮೇಲೆ ಬರೆದು ನೋಡಿದಾಗ ಇದೊಂದು ಸಂಬೋಧನೆಯಂತೆ ಕಾಣುತ್ತಿಲ್ಲವೆಂಬುದು ನಿಜ. ಆದರೆ ಇದಕ್ಕಿಂತ ಗೌರವದ ಪದವನ್ನು ಹಾಕಿದರೆ, ಪತ್ರ ನಿನ್ನದಲ್ಲವೆಂದು ನೀನು ಅದನ್ನು ನಿನ್ನ ಅಕ್ಕನ ಕೈಗೆ ಕೊಟ್ಟುಬಿಡುವ ಸಂಭವವಿರುವುದರಿಂದ ಇದನ್ನೇ ಕಾಯಂ ಮಾಡಿದ್ದೇನೆ.

ಮೊದಲಿಗೆ ನಿನ್ನ ಆರೋಗ್ಯದ ವಿಚಾರ. ಕೆಮ್ಮು ಹೇಗಿದೆ? ಬೆಳಿಗ್ಗೆ ಎದ್ದೊಡನೆ ಬರುವುದೋ, ಮಲಗಿದ ಮೇಲೆ ಬರುವುದೋ, ಮೆಟ್ಟಿಲು ಹತ್ತಿದಾಗ ಬರುವುದೋ ಎಂಬುದನ್ನು ಬೇರೆ ಬೇರೆಯಾಗಿ ತಿಳಿಸತಕ್ಕದ್ದು. ‘ಪರವಾಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡ. ನಿನ್ನ ‘ಪರವಾಗಿಲ್ಲ’ದೊಳಗೆ ಒಮ್ಮೆ ಜ್ವರ ಅಡಗಿರುತ್ತದೆ, ಒಮ್ಮೆ ಸಿಟ್ಟು ಅಡಗಿರುತ್ತದೆ, ಎದುರಿಗಿದ್ದರೆ ಮುಖ ನೋಡಿ ತಿಳಿದುಕೊಳ್ಳುತ್ತೇನೆ, ಅಂಚೆಯಲ್ಲಿ ತಿಳಿಯುವುದಿಲ್ಲ. ಹೊಸ ಒಲೆ ಬಂದ ಮೇಲೆ ನಿನ್ನ ಎದೆಯೊಳಗಿನ ಸಿಳ್ಳು ನಿಂತದ್ದನ್ನೂ, ಡಾಕ್ಟರು ಕೊಳವೆಯಿಟ್ಟು ಕೇಳಿ ‘ಅಜ್ಜಿ, ನಿಮ್ಮ ಎದೆ ಈಗ ಹರಟೆ ಹೊಡೆಯೋದು ಬಿಟ್ಟಿದೆ’ ಎಂದು ನಕ್ಕದ್ದನ್ನೂ ನಾನು ಮರೆತಿಲ್ಲ. ಅಕ್ಕನಿಗೆ ನನ್ನ ನಮಸ್ಕಾರಗಳು. ಅವರ ಮಂಡಿನೋವಿನ ಆರೈಕೆಗೆ ನೀನು ಹೋಗಿರುವೆಯೆಂದು ಓಣಿಗೆಲ್ಲ ತಿಳಿಸಿದ್ದೇನೆ. ಅದು ಸುಳ್ಳಲ್ಲ. ಆದರೆ ಆ ಮಂಡಿನೋವು ಬಹಳ ಹಳೆಯದು. ನೀನು ಹೊರಟದ್ದು ಮಾತ್ರ ಒಲೆ ಕಂಪನಿಯ ಕಡೆಯ ಮನುಷ್ಯ, ನಮ್ಮ ಒಲೆಯಪ್ಪ, ಆ ಸುದ್ದಿ ತಂದ ಮರುದಿನ ಬೆಳಿಗ್ಗೆ. ಇದನ್ನು ನೀನೂ ಬಲ್ಲೆ, ನಾನೂ ಬಲ್ಲೆ, ಅಕ್ಕನೂ ಬಲ್ಲರೆಂದು ನನ್ನ ಅನುಮಾನ.

ನನ್ನ ವಿಚಾರ ಕೇಳಿದರೆ, ಕ್ಷೇಮ. ದಣಿವು ಬಹಳ. ಮೈಯ ದಣಿವಾಗಿದ್ದರೆ ಮಲಗಿ ಎದ್ದರೆ ಹೋಗುತ್ತಿತ್ತು. ಇದು ಒಂದೇ ಮಾತನ್ನು ಹಲವರ ಮುಂದೆ ಹಲವು ಸಲ ಹೇಳಿ, ಯಾರಿಂದಲೂ ಅಲ್ಲವೆನ್ನಿಸಿಕೊಳ್ಳದೆ, ಹೌದೆಂದೂ ಅನ್ನಿಸಿಕೊಳ್ಳದೆ ಬಂದ ದಣಿವು. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಾನೆಂದು ಬೇಸರಪಡಬೇಡ. ಕಚೇರಿಯ ಅಂಗಳದಲ್ಲಿ ಕುಳಿತು ಕಂಡವರ ಅರ್ಜಿಗಳನ್ನು ಶುದ್ಧಪ್ರತಿ ಮಾಡುತ್ತಾ ಆಯುಸ್ಸು ಸವೆಸಿದ ಕೈಯಿದು. ಹಿನ್ನೆಲೆಯಿಲ್ಲದೆ ಬೇಡಿಕೆಗೆ ಇಳಿಯಲು ಅದಕ್ಕೆ ಬರುವುದಿಲ್ಲ.

ಕಳೆದ ವರ್ಷ ಆ ಕಂಪನಿಯವರು ನಮ್ಮ ಓಣಿಯ ಮನೆಮನೆಗೂ ಒಲೆ ಕೊಟ್ಟಾಗ ಒಪ್ಪಂದವಾದದ್ದು ಇಷ್ಟು: ಹಳೆಯ ಒಲೆಗಳನ್ನು ನಾವು ಹಚ್ಚಕೂಡದು. ಹೊಸ ಒಲೆಯಲ್ಲಿ ಸೌದೆ ಕಡಿಮೆ ಉರಿಯುವುದರಿಂದ ಎಷ್ಟು ಹೊಗೆ ಮೇಲೇಳದೆ ಉಳಿಯುವುದೋ ಅದನ್ನು ಅವರು ಲೆಕ್ಕ ಹಾಕಿ, ದೂರದಲ್ಲೆಲ್ಲೋ ದೊಡ್ಡ ಚಿಮಣಿ ಇಟ್ಟುಕೊಂಡವರಿಗೆ ಮಾರುವರು. ಬಂದದ್ದರಲ್ಲಿ ಓಣಿಯ ಪಾಲಿನಿಂದ ನಮ್ಮ ಚರಂಡಿಯನ್ನು ಅಗಲಿಸಿ, ಗೋಡೆ ಎತ್ತರಿಸಿಕೊಡುವರು. ಮಳೆ ಈಗ ಹಿಂದಿನಂತೆ ದಿನವಿಡೀ ಜಿನುಗದೆ, ಯಾರೋ ಹಂಡೆ ಬೋರಲು ಹಾಕಿದಂತೆ ಒಂದೇ ಸಲಕ್ಕೆ ಸುರಿದು ನಮ್ಮ ಕೋಣೆಗಳಿಗೆ ನುಗ್ಗುತ್ತಿರುವುದರಿಂದ ಆ ಗೋಡೆ ನಮಗೆ ಎಷ್ಟು ಅಗತ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಕಳೆದ ಮಳೆಗಾಲದಲ್ಲಿ ಮಂಚದ ಮೇಲೆ ಮಂಚವಿಟ್ಟು ಅದರ ಮೇಲೆ ಕುಳಿತು ಬೆಳಗು ಮಾಡಿದವರು ನಾವಿಬ್ಬರು. ಇದಕ್ಕೆ ಕಾರ್ಬನ್ ಮಾರುಕಟ್ಟೆ ಎನ್ನುತ್ತಾರೆಂದು ಒಲೆಯಪ್ಪ ಹೇಳಿದಾಗ, ಕಾರ್ಬನ್ ಎಂದರೆ ಎರಡು ಹಾಳೆಗಳ ನಡುವೆ ಇಡುವ ಕಪ್ಪು ಕಾಗದವೆಂದು ಮಾತ್ರ ಬಲ್ಲ ನಾನು ಸುಮ್ಮನೆ ತಲೆಯಾಡಿಸಿದೆ. ತರಕಾರಿಯಮ್ಮ ಸುಮ್ಮನಿರಲಿಲ್ಲ. ‘ಏಳದೇ ಇರೋ ಹೊಗೆಗೆ ಗಿರಾಕಿ ಸಿಗ್ತಾನಾ? ಇಲ್ಲಿ ಕಣ್ಣೆದುರಿಗೆ ಇರೋ ಬದನೆಕಾಯಿಗೇ ಸಿಗ್ತಿಲ್ಲವಲ್ಲಪ್ಪಾ!’ ಎಂದು ಬುಟ್ಟಿ ಕುಕ್ಕಿದಳು. ಎಲ್ಲರೂ ನಕ್ಕೆವು. ಆದರೂ ಒಪ್ಪಿದೆವು.

ಒಲೆಯ ಕೊರಳಿಗೆ ಅಂಟಿಸಿದ ಆ ಪುಟ್ಟ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಅಂದು ಒಲೆಯಪ್ಪ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಅಮ್ಮಾ, ಒಲೆ ಹಚ್ಚಿದ್ದನ್ನೆಲ್ಲ ಇದು ಬರ್ಕೊಳ್ಳುತ್ತೆ. ಒಲೆಗಿಂತ ಇದೇ ದುಬಾರಿ. ಇದು ಕೆಟ್ಟರೆ ಎಲ್ಲಾ ಕೆಟ್ಟಂಗೆ. ಜೋಪಾನ!’ ಅದು ಹೇಗೆ ಬರೆದುಕೊಳ್ಳುತ್ತದೆ ಎಂದು ನಾವು ಯಾರೂ ಕೇಳಲಿಲ್ಲ, ಅವಸರದಲ್ಲಿದ್ದ ಅವನೂ ಹೇಳಲಿಲ್ಲ. ಬೆಲೆಬಾಳುವ ವಸ್ತುವನ್ನು ಬೆಂಕಿಯ ಬಾಯಿಗೆ ಒಡ್ಡುವ ಹೆಂಗಸು ನೀನಲ್ಲ. ಒಲೆ ಹಚ್ಚುವ ಮುನ್ನ ಡಬ್ಬಿಯನ್ನು ಬಿಡಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ನೀರಿನ ಕೊಡದ ಪಕ್ಕದ ತಂಪಿನಲ್ಲಿ ಇಡುತ್ತಿದ್ದೆ. ಅಡುಗೆಯಾಗಿ ಒಲೆ ಆರಿದ ಮೇಲೆ ಮತ್ತೆ ಅದರ ಜಾಗದಲ್ಲಿ ಕೂರಿಸುತ್ತಿದ್ದೆ. ಪಕ್ಕದ ಮನೆಯವರು ನೋಡಿ ಕಲಿತರು, ಅವರನ್ನು ನೋಡಿ ಅದರಾಚೆಯವರು. ‘ಅಜ್ಜಿ ಮನೆ ಡಬ್ಬಿ ನೋಡ್ರೇ, ನಿನ್ನೆ ತಂದಂಗಿದೆ’ ಎಂದು ಹೆಂಗಸರು ಮೆಚ್ಚಿಕೊಂಡಾಗ ನಾನೂ ಒಳಗೊಳಗೇ ಹಿಗ್ಗಿದ್ದುಂಟು. ಒಲೆಯಪ್ಪ ಬಂದಾಗಲೆಲ್ಲ ಡಬ್ಬಿಗಳು ಇರಬೇಕಾದಲ್ಲಿ ಥಳಥಳ ಹೊಳೆಯುತ್ತಿದ್ದುದರಿಂದ ಅವನಿಗೂ ಅನುಮಾನ ಬರಲಿಲ್ಲ. ಆ ಡಬ್ಬಿ ಬರೆದುಕೊಳ್ಳುವುದು ಬಿಸಿಯನ್ನು ಮುಟ್ಟಿಯೇ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು.

ಅವನು ತಂದ ಸುದ್ದಿ ನಿನಗೆ ನೆನಪಿದೆ. ‘ಕಂಪ್ಯೂಟರ್ ಪ್ರಕಾರ ಈ ಓಣಿಯಲ್ಲಿ ವರ್ಷವಿಡೀ ಒಬ್ಬರೂ ಒಲೆ ಹಚ್ಚಿಲ್ಲ, ಆದ್ದರಿಂದ ಚರಂಡಿಗೆ ಹಣವೂ ಇಲ್ಲ’ ಎಂದು ಅವನು ಓದಿದಾಗ ತರಕಾರಿಯಮ್ಮ ಸೊಂಟದ ಮೇಲೆ ಕೈಯಿಟ್ಟು, ‘ಹಂಗಾದ್ರೆ ನಾವೆಲ್ಲ ವರ್ಷ ಪೂರ್ತಿ ಉಪವಾಸ ಇದ್ವಾ? ನನ್ನ ಮೈ ನೋಡಿ ಹೇಳಪ್ಪಾ ಆ ಮಾತು!’ ಎಂದದ್ದಕ್ಕೆ ಅವನೂ ನಕ್ಕುಬಿಟ್ಟ. ಅನಂತರ ದರ್ಜಿ, ‘ಅಡುಗೆ ಮಾಡೋವಾಗ ಡಬ್ಬಿ ಎಲ್ಲಿರುತ್ತೆ?’ ಎಂದು ಕೇಳಿದ. ಹೆಂಗಸರೆಲ್ಲ ಒಟ್ಟಿಗೆ ನಿನ್ನ ಕಡೆ ತಿರುಗಿದರು. ದೂರುವುದಕ್ಕಾಗಿ ತಿರುಗಿದ್ದಲ್ಲ, ಉತ್ತರ ನಿನ್ನಲ್ಲಿರುವುದೆಂಬ ರೂಢಿಯಿಂದ ತಿರುಗಿದ್ದು. ನೀನು ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದೆ. ಆ ಸದ್ದನ್ನು ಕೇಳುತ್ತಾ ಹೊರಗೆ ನಿಂತವನು ನಾನು. ‘ಅಜ್ಜಿಯ ಜೋಪಾನ, ಓಣಿಗೆಲ್ಲ ಸ್ನಾನ’ ಎಂದು ದರ್ಜಿ ಪ್ರಾಸ ಕಟ್ಟಿದ್ದು ನಿನ್ನ ಕಿವಿಗೂ ಬಿದ್ದಿತೆಂದು ಬಲ್ಲೆ. ಅವನ ಬಾಯಿ ಅವನ ಕತ್ತರಿಗಿಂತ ಹರಿತ. ಆದರೆ ಅವನ ಹೊಲಿಗೆ ಯಂತ್ರ ನೀರಿನಲ್ಲಿ ಮುಳುಗಿದಾಗ ಅದನ್ನು ಬಿಚ್ಚಿ ಒಂದೊಂದೇ ತುಣುಕನ್ನು ಬಿಸಿಲಿಗೆ ಹರವಿಕೊಂಡು ಅವನು ಕುಳಿತಿದ್ದುದನ್ನೂ ನಾನು ನೋಡಿದ್ದೇನೆ. ಆದ್ದರಿಂದ ಅವನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಿಲ್ಲ. ನೀನು ಮಾಡಿಕೊಂಡರೆ ನನ್ನ ಅಭ್ಯಂತರವಿಲ್ಲ.

ನೀನು ಹೋದ ತರುವಾಯ ನಾನು ಕೈಗೊಂಡ ಮೊದಲ ಕ್ರಮವೆಂದರೆ ಅರ್ಜಿ. ಓಣಿಯ ಒಲೆಗಳು ದಿನವೂ ಉರಿದವೆಂಬುದಕ್ಕೆ ಉಂಡು ಬದುಕಿರುವ ನಾವೇ ಸಾಕ್ಷಿಯೆಂದೂ, ಸೌದೆ ಅಂಗಡಿಯವನ ವ್ಯಾಪಾರ ಕುಸಿದಿರುವುದೇ ಪುರಾವೆಯೆಂದೂ, ಅತಿಯಾದ ಎಚ್ಚರಿಕೆಯನ್ನು ಅಪರಾಧವೆಂದು ಪರಿಗಣಿಸಬಾರದೆಂದೂ ನನ್ನ ಜೀವಮಾನದಲ್ಲಿ ಬರೆದ ಅರ್ಜಿಗಳಲ್ಲೆಲ್ಲ ಉತ್ತಮವಾದದ್ದೊಂದನ್ನು ಬರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪನಿಯ ಕಚೇರಿಗೆ ಹೋದೆ. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂದು ಕೇಳುತ್ತಾ ಬೆಳೆದವನು, ಹೊಗೆಯಿಲ್ಲದೆಯೂ ಬೆಂಕಿಯಿತ್ತೆಂದು ಸಾಧಿಸಲು ಹೊರಟಿದ್ದೆ. ಗಾಜಿನ ಕೋಣೆ, ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ಹಲ್ಲು ಕಟಕಟಿಸುವಷ್ಟು ಚಳಿ, ಕುಂಡದಲ್ಲಿ ಪ್ಲಾಸ್ಟಿಕ್ಕಿನ ಗಿಡ. ನಮ್ಮ ಮೊಮ್ಮಗಳ ವಯಸ್ಸಿನ ಅಧಿಕಾರಿಣಿಯೊಬ್ಬಳು ಅರ್ಜಿಯನ್ನು ಕೈಗೆ ತೆಗೆದುಕೊಂಡು, ‘ಅಯ್ಯೋ ಅಜ್ಜಾ, ಎಷ್ಟು ಚೆಂದದ ಅಕ್ಷರ! ಒಂದು ಫೋಟೋ ತಗೊಳ್ಲಾ?’ ಎಂದಳು. ತೆಗೆದುಕೊಂಡಳು. ಓದಲಿಲ್ಲ. ಅಕ್ಷರ ಚೆನ್ನಾಗಿರುವುದೂ ಒಂದು ಅಡ್ಡಿಯಾದೀತೆಂದು ಅಂದು ತಿಳಿಯಿತು.

ಅವಳು ಕೆಟ್ಟವಳಲ್ಲ. ಕುಡಿಯಲು ನೀರು ಕೊಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು ವಿವರಿಸಿದಳು. ‘ನೀವು ಸುಳ್ಳು ಹೇಳ್ತಿದೀರಿ ಅಂತ ನಾನಂತಿಲ್ಲ ಅಜ್ಜಾ. ಆದ್ರೆ ಕೊಳ್ಳೋರು ಇರೋದು ದೂರದಲ್ಲಿ. ಅವರಿಗೆ ನಿಮ್ಮ ಮುಖ ಗೊತ್ತಿಲ್ಲ, ಡಬ್ಬಿ ಗೊತ್ತು. ಹಿಂದೆ ಯಾರೋ ಮಂಚದ ಕೆಳಗೆ ಬಿದ್ದಿದ್ದ ಒಲೆಗಳನ್ನೆಲ್ಲ ಉರೀತಿವೆ ಅಂತ ತೋರಿಸಿ ಮಾರಿಬಿಟ್ಟಿದ್ರು. ಆಮೇಲಿಂದ ಬಾಯಿಮಾತನ್ನ ಯಾರೂ ನಂಬಲ್ಲ.’ ಇದೂ ನ್ಯಾಯವೇ; ಕಳ್ಳಸಾಕ್ಷಿಗಳಿಂದಾಗಿ ನಿಜಸಾಕ್ಷಿಗಳು ಕೆಡುವುದನ್ನು ಕಚೇರಿಯ ಅಂಗಳದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೊನೆಗೆ ನನ್ನ ಮನಸ್ಸಿನಲ್ಲಿದ್ದ ಇನ್ನೊಂದು ಸಂಶಯವನ್ನೂ ಕೇಳಿದೆ: ನಮ್ಮ ಹೊಗೆಯನ್ನು ಕೊಂಡವನು ತನ್ನ ಚಿಮಣಿಯನ್ನು ಆರಿಸುವನೇ? ‘ಆರಿಸಲ್ಲ ಅಜ್ಜಾ. ಅವರು ಅಲ್ಲಿ ಬಿಡ್ತಾರೆ, ನೀವು ಇಲ್ಲಿ ಬಿಡಲ್ಲ. ಕೂಡಿ ಕಳೆದ್ರೆ ಸೊನ್ನೆ’ ಎಂದಳು. ನಮ್ಮ ಕೋಣೆಗೆ ನುಗ್ಗುವ ನೀರು ಹೀಗೆ ಕೂಡಿ ಕಳೆದು ನುಗ್ಗುವುದಿಲ್ಲವಲ್ಲ ತಾಯಿ ಎಂದೆ. ಅವಳು ತಲೆ ತಗ್ಗಿಸಿ, ‘ಅದು ನನಗೂ ಗೊತ್ತು’ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ವಾದ ಮುಂದುವರಿಸಲು ನನಗೆ ಮನಸ್ಸಾಗಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಗಿತ್ತು.

ಏಳುವಾಗ ಅವಳೇ ಒಂದು ದಾರಿ ತೋರಿಸಿದಳು. ಹೋದ ವರ್ಷದ ಲೆಕ್ಕ ಹೋದಂತೆಯೇ. ಆದರೆ ತಪ್ಪು ಎಲ್ಲಿಂದ ಹುಟ್ಟಿತೆಂದು ಓಣಿಯವರು ಬರೆದುಕೊಟ್ಟು, ಆ ಮೂಲವನ್ನು ಯೋಜನೆಯಿಂದ ಹೊರಗಿಟ್ಟರೆ, ಮಿಕ್ಕ ಮನೆಗಳಲ್ಲಿ ಅಳತೆಯನ್ನು ಹೊಸದಾಗಿ ಆರಂಭಿಸಲು ಲೆಕ್ಕಪರಿಶೋಧಕರು ಒಪ್ಪುವರಂತೆ. ಅಳತೆ ಸರಿಬಂದರೆ ಚರಂಡಿಯ ಕೆಲಸ ಮುಂದಿನ ಮಳೆಗೆ ಮೊದಲೇ ಆದೀತು. ‘ಮೂಲ ಎಂದರೆ?’ ಎಂದು ಕೇಳಿದೆ. ‘ಯಾವ ಮನೆ ಅಂತ’ ಎಂದಳು. ಹೊರಗಿಡುವುದೆಂದರೆ ಒಲೆಯನ್ನು ವಾಪಸು ತೆಗೆದುಕೊಳ್ಳುವುದೆಂದೂ ತಿಳಿಸಿದಳು.

ದರ್ಜಿಯ ಅಂಗಡಿಯ ಮುಂದೆ ಓಣಿಯವರೆಲ್ಲ ಸೇರಿದರು. ನಾನು ಕಚೇರಿಯಲ್ಲಿ ಕೇಳಿದ್ದನ್ನು ಏನೂ ಮುಚ್ಚಿಡದೆ ಹೇಳಿ ಒಂದು ಬದಿಗೆ ಕುಳಿತೆ. ಮೂಲೆಮನೆಯ ಚಾಲಕ, ‘ಇಲಿ ಎತ್ಕೊಂಡು ಹೋಯ್ತು ಅಂತ ಬರೆದ್ರಾಯ್ತು’ ಎಂದ. ‘ಓಣಿಗೆಲ್ಲ ಒಂದೇ ಇಲಿಯೇನಪ್ಪಾ? ಅಡುಗೆ ಹೊತ್ತಿಗೆ ಒಯ್ದು ಊಟದ ಹೊತ್ತಿಗೆ ತಂದಿಡೋಕೆ ಅದೇನು ನಿನ್ನ ಹಂಗೆ ಡ್ಯೂಟಿ ಮೇಲಿತ್ತಾ?’ ಎಂದು ತರಕಾರಿಯಮ್ಮ ಅವನ ಬಾಯಿ ಮುಚ್ಚಿಸಿದಳು. ಎಲ್ಲ ಮನೆಗಳೂ ತಪ್ಪು ಮಾಡಿದವೆಂದು ಬರೆಯೋಣವೆಂದರೆ ಎಲ್ಲ ಒಲೆಗಳೂ ಹೋಗುತ್ತವೆ. ಆಗ ದರ್ಜಿ, ಅಂದು ಪ್ರಾಸ ಕಟ್ಟಿದ ಬಾಯಿಯೇ ಅದೆಂದು ನಂಬಲಾಗದಷ್ಟು ಸಣ್ಣ ದನಿಯಲ್ಲಿ, ‘ಅಜ್ಜಾ, ನನ್ನ ಮಿಷನ್ನು ಎರಡು ಸಲ ನೀರು ಕುಡಿದಿದೆ. ಮೂರನೇ ಸಲಕ್ಕೆ ನಾನೂ ಕುಡೀಬೇಕಾಗುತ್ತೆ. ಬರೆಯೋಕೆ ಬರೋದು ನಿಮಗೊಬ್ಬರಿಗೇ. ನೀವು ಏನು ಬರೆದ್ರೂ ನಾನು ಸಹಿ ಹಾಕ್ತೀನಿ’ ಎಂದ. ತರಕಾರಿಯಮ್ಮ ಎದ್ದು ನಿಂತಳು. ‘ಅಜ್ಜಿ ಹೆಸರು ಬರೆದ್ರೆ ಮಾತ್ರ ನಾನು ಹೆಬ್ಬೆಟ್ಟು ಒತ್ತಲ್ಲ. ಆಯಮ್ಮ ಹೇಳಿಕೊಟ್ಟಿದ್ದು ಜೋಪಾನ. ಜೋಪಾನ ಮಾಡೋದು ತಪ್ಪು ಅಂದ್ರೆ, ನಾಳೆಯಿಂದ ಮಕ್ಕಳಿಗೆ ಏನು ಹೇಳಿಕೊಡೋಣ?’ ಎಂದಳು. ಈ ಪ್ರಶ್ನೆಯನ್ನು ನಿನಗೆ ತಲುಪಿಸಬೇಕೆಂದೇ ನಾನು ಇಷ್ಟು ದೂರ ಬರೆದುಕೊಂಡು ಬಂದೆನೆಂದರೂ ತಪ್ಪಲ್ಲ. ನಿನ್ನನ್ನು ನೋಡಿ ಓಣಿ ಮುಖ ತಿರುಗಿಸೀತೆಂಬ ಅಂಜಿಕೆಯಿಂದ ನೀನು ಅಕ್ಕನ ಮನೆಯಲ್ಲಿ ಕುಳಿತಿದ್ದರೆ, ಓಣಿಯ ಮುಖ ಇರುವುದು ಹೀಗೆ.

ಹೇಳಿಕೆಯನ್ನು ನಾನೇ ಬರೆದೆ. ಇತರರ ಸಂಕಟಗಳನ್ನು ಎಷ್ಟೋ ಸಲ ಚಕಚಕನೆ ಬರೆದು ಮುಗಿಸಿದ ಕೈಗೆ ಇದೊಂದು ಪುಟ ಬಹಳ ಭಾರವಾಯಿತು. ಹಾಳೆ ಮುಂದಿಟ್ಟುಕೊಳ್ಳುವುದು, ಎದ್ದು ಬಾಗಿಲ ತನಕ ಹೋಗುವುದು, ಬಂದು ಕೂರುವುದು. ನಿನ್ನ ಹೆಸರನ್ನು ನಾನು ಬರೆಯಲಿಲ್ಲ. ಬಾಯಿಂದಲೇ ಕರೆಯದ ಹೆಸರನ್ನು ಮೊದಲ ಸಲ ಇಂಥದೊಂದು ಕಾಗದದಲ್ಲಿ ಬರೆಯುವುದು ನನ್ನಿಂದಾಗದ ಕೆಲಸ. ಸುಳ್ಳನ್ನೂ ಬರೆಯಲಿಲ್ಲ. ‘ಸದರಿ ರೂಢಿಯು ಈ ಕೆಳಗೆ ಸಹಿ ಮಾಡಿರುವವನ ಮನೆಯಿಂದ ಆರಂಭವಾಯಿತು, ಆರಂಭವಾದದ್ದು ನಿರ್ಲಕ್ಷ್ಯದಿಂದಲ್ಲ, ಕೊಟ್ಟ ವಸ್ತುವಿನ ಮೇಲಿನ ಅಪಾರ ಗೌರವದಿಂದ’ ಎಂದು ಬರೆದು ಸಹಿ ಹಾಕಿದೆ. ತರಕಾರಿಯಮ್ಮ ಓದಿಸಿ ಕೇಳಿ, ಎರಡನೇ ಸಲವೂ ಓದಿಸಿ, ಹೆಬ್ಬೆಟ್ಟು ಒತ್ತಿದಳು. ಕಂಪನಿಯವರು ಒಪ್ಪಿದ್ದಾರೆ. ಹೊಸ ಅಳತೆ ಗುರುವಾರದಿಂದ ಆರಂಭವಾಗಿದೆ. ಈಗ ಹೆಂಗಸರು ಡಬ್ಬಿಯನ್ನು ಮುಟ್ಟುವುದೂ ಇಲ್ಲ, ಒರೆಸುವುದೂ ಇಲ್ಲ. ಮಸಿ ಹಿಡಿದು ಕಪ್ಪಾಗುತ್ತಿರುವುದನ್ನು ನೋಡಿಕೊಂಡು ಸಂಕಟಪಡುತ್ತಾರೆ. ದರ್ಜಿ ನಿನ್ನೆ ಬಾಗಿಲಿಗೆ ಬಂದು, ಹಲ್ಲಿನಲ್ಲಿ ಹಿಡಿದಿದ್ದ ದಾರವನ್ನೂ ತೆಗೆಯದೆ, ‘ಅಜ್ಜಿ ಯಾವಾಗ ಬರ್ತಾರೆ?’ ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ ಹೊರಟುಹೋದ. ಅದು ಅವನ ಕ್ಷಮಾಪಣೆಯೆಂದು ನಾನು ದಾಖಲು ಮಾಡಿಕೊಂಡಿದ್ದೇನೆ. ನೀನೂ ಹಾಗೆಯೇ ಮಾಡಿಕೊಳ್ಳತಕ್ಕದ್ದು.

ಆದಕಾರಣ, ಅಕ್ಕನ ಮಂಡಿ ಒಪ್ಪಿದ ಕೂಡಲೇ, ಒಪ್ಪದಿದ್ದರೆ ಅದನ್ನು ಒಪ್ಪಿಸಿ, ನೀನು ಹೊರಟು ಬರಬೇಕೆಂದು ಕೋರುತ್ತೇನೆ. ಚರಂಡಿ ಆಗುವುದೋ ಇಲ್ಲವೋ, ದೂರದಲ್ಲಿರುವ ಆ ಗಿರಾಕಿ ನಮ್ಮನ್ನು ಈ ಸಲವಾದರೂ ನಂಬುವನೋ ಇಲ್ಲವೋ, ನಾನು ಹೇಳಲಾರೆ. ಅಷ್ಟು ದೂರದವರ ಮನಸ್ಸನ್ನು ಊಹಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಮಳೆ ಬಂದರೆ ಮಂಚದ ಮೇಲೆ ಮಂಚವಿಡಲು ಇನ್ನೊಂದು ಜೊತೆ ಕೈ ಬೇಕಾಗುತ್ತದೆ ಎಂಬುದಷ್ಟೇ ಗೊತ್ತು.

ಅಕ್ಕನ ಮನೆಯ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ನಿನಗೆ ಇವೆರಡರಲ್ಲಿ ಯಾವುದನ್ನು ಕಳಿಸಬೇಕೆಂದು ಇಷ್ಟು ವರ್ಷಗಳಾದರೂ ನಿರ್ಧಾರವಾಗಿಲ್ಲ, ಎರಡನ್ನೂ ಸ್ವೀಕರಿಸು.

ಇಂತು,
ಕಾಗದಪತ್ರಗಳಲ್ಲಿ ಮಾತ್ರ ಮನೆಯ ಯಜಮಾನನೆನಿಸಿಕೊಂಡ
ನಿನ್ನವನು

ವಿ.ಸೂ.: ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಆದ್ದರಿಂದ ಅವಸರದಲ್ಲಿ. ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು ಇದು: ನಮ್ಮ ಒಲೆಯನ್ನು ಬುಧವಾರ ತೆಗೆದುಕೊಂಡು ಹೋದರು. ಒಲೆಯಪ್ಪನೇ ಎತ್ತಿಕೊಂಡ, ನನ್ನ ಮುಖ ನೋಡಲಿಲ್ಲ. ಇಂಥ ಒಲೆ ಅಂಗಡಿಯಲ್ಲಿ ಮಾರುವುದಿಲ್ಲವಂತೆ, ವಿಚಾರಿಸಿದೆ. ಗ್ಯಾಸ್ ಸಿಲಿಂಡರು ನಮ್ಮ ಕೈಗೆಟುಕುವ ಮಾತಲ್ಲ. ಹಳೆಯ ಒಲೆಯನ್ನೇ ಒಳಗೆ ತಂದು ಹಚ್ಚುತ್ತಿದ್ದೇನೆ, ಅದರ ಹೊಗೆ ನಿನಗೆ ಗೊತ್ತೇ ಇದೆ. ಆ ಹೊಗೆಗೆ ನಿನ್ನ ಎದೆಯನ್ನು ಮತ್ತೆ ಒಡ್ಡಲು ನಾನು ಸಿದ್ಧನಿಲ್ಲ. ಆದ್ದರಿಂದ ನನ್ನ ಪ್ರಾರ್ಥನೆ: ನೀನು ಬರಬೇಕು, ಆದರೆ ಅಡುಗೆಮನೆಯ ಅಧಿಕಾರವನ್ನು ಇನ್ನು ಮುಂದೆ ನನಗೆ ವಹಿಸಿಕೊಡಬೇಕು. ನೀನು ಹೊರಗಿನ ಮೆಟ್ಟಿಲ ಮೇಲೆ, ಗಾಳಿಯಲ್ಲಿ ಕುಳಿತು, ಏನು ಮಾಡಬೇಕೆಂದು ಅಲ್ಲಿಂದಲೇ ಹೇಳಬೇಕು. ಅನ್ನ ಬಹುಮಟ್ಟಿಗೆ ಹಿಡಿತಕ್ಕೆ ಬಂದಿದೆ. ಕಣ್ಣಲ್ಲಿ ನೀರು ಬರುತ್ತದೆ. ಓಣಿಯವರು ನಾನು ಅಳುತ್ತಿದ್ದೇನೆಂದುಕೊಂಡಿದ್ದಾರೆ, ತಿದ್ದಲು ಹೋಗಿಲ್ಲ. ಈ ಪ್ರಾರ್ಥನೆಗೆ ನಿನ್ನ ಒಪ್ಪಿಗೆಯಿಲ್ಲವೆಂದಾದರೆ ಕಾಗದ ಬರೆಯಬೇಡ, ಬಂದು ಜಗಳವಾಡು. ಬೇಳೆಗೆ ಉಪ್ಪು ಮೊದಲೋ ಆಮೇಲೋ ಎಂಬುದನ್ನು ಮಾತ್ರ ಕೂಡಲೇ ಬರೆದು ತಿಳಿಸು.